ಮಗಳಿಗೆ ಎಂಟು ತಿಂಗಳಿಂದ ಹೊಟ್ಟೆನೋವು, ರಿಪೋರ್ಟ್ ಎಲ್ಲಾ ನಾರ್ಮಲ್. ಮುಂದೇನು?

ಪ್ರಶ್ನೆ (ಸೇಡಂ): ಮಗಳಿಗೆ 14 ವರ್ಷ. ಎಂಟು ತಿಂಗಳಿಂದ ಹೊಕ್ಕಳ ಸುತ್ತ ಹೊಟ್ಟಿ ಬ್ಯಾನಿ, ವಾರಕ್ಕ ಎರಡು-ಮೂರು ಸಲ. ಕಲಬುರಗಿಯಾಗ ಎರಡು ಕಡೆ ತೋರಿಸೀವಿ. ರಕ್ತ, ಮೂತ್ರ ನಾರ್ಮಲ್. ಸ್ಕ್ಯಾನಿಂಗ್‌ನ್ಯಾಗ 6 ಎಂಎಂ ಗಡ್ಡಿ ಅವ ಅಂತ ಬರದಾರ. ಒಬ್ಬರು ಟಿಬಿ ಗುಳಗಿ ಶುರು ಮಾಡರಿ ಅಂತಾರ, ಇನ್ನೊಬ್ಬರು ಅಪೆಂಡಿಕ್ಸ್ ತೆಗಸ್ರಿ ಅಂತಾರ. ಮನ್ಯಾಗ ಹಿರಿಯರು ಬಟ್ಟಿ (ಹೊಕ್ಕಳ) ಸರದದ ಅಂತಾರ. ಹೈದರಾಬಾದಿಗೆ ಒಯ್ಯಬೇಕೇನ್ರಿ?

ಮಕ್ಕಳ ತಜ್ಞರು: ಆ ‘ಗಡ್ಡೆ’ಗೆ ಮೊದಲು ಹೆದರುವುದು ಬಿಡಿ. ಅವು ಕರುಳಿನ ಪೊರೆಯಲ್ಲಿರುವ ಲಿಂಫ್ ಗ್ರಂಥಿಗಳು. ಅಡ್ಡಳತೆ 8 ಎಂಎಂ ಒಳಗಿದ್ದರೆ ಆರಾಮಾಗಿರುವ ಮಕ್ಕಳಲ್ಲೂ ಕಾಣುತ್ತವೆ. ಅದೊಂದನ್ನೇ ಹಿಡಿದು ಆರು ತಿಂಗಳ ಟಿಬಿ ಔಷಧ ಶುರು ಮಾಡುವುದು ತಪ್ಪು. ಸಂಜೆ ಜ್ವರ, ತೂಕ ಇಳಿಕೆ, ಹೊಟ್ಟೆಯಲ್ಲಿ ನೀರು, ದಪ್ಪಗಾದ ಕರುಳಿನ ಗೋಡೆ, ಮನೆಯಲ್ಲಿ ಯಾರಿಗಾದರೂ ಟಿಬಿ, ಇಂಥದ್ದಿದ್ದರೆ ಅನುಮಾನ ಸರಿ. ಆಗಲೂ ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಹಾಕಿ ಕರುಳು ನೋಡುವುದು) ಮಾಡಿ, ತುಣುಕು ತೆಗೆದು ಬಯಾಪ್ಸಿಗೂ, ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್‌ಗೂ ಕಳಿಸಿದ ಮೇಲೆಯೇ ಔಷಧ. ಕರುಳು ದೀರ್ಘಕಾಲ ಉರಿಯೂತಕ್ಕೆ ಒಳಗಾಗುವ ಕ್ರೋನ್ಸ್ ಕಾಯಿಲೆ ಸ್ಕ್ಯಾನ್‌ನಲ್ಲಿ ಥೇಟ್ ಟಿಬಿಯ ಹಾಗೇ ಕಾಣುತ್ತದೆ. ಕುರುಡಾಗಿ ಗುಳಿಗೆ ಶುರುವಾದರೆ ತಿಂಗಳುಗಟ್ಟಲೆ ಹಾಳು.

ಶಾಲೆಯ ದಾಖಲೆಯಿಂದ ಎರಡು ವರ್ಷದ ಎತ್ತರ, ತೂಕ ಬರೆದು ತನ್ನಿ. ಬೆಳವಣಿಗೆ ನಿಂತಿದೆಯೇ ಎಂಬುದು ಅರ್ಧ ಉತ್ತರ ಹೇಳುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಮಲದಲ್ಲಿ ರಕ್ತ, ಪದೇ ಪದೇ ಬಾಯಿಹುಣ್ಣು, ಕೀಲುನೋವು, ಗುದದ ಬಳಿ ಸೀಳು ಇವೆಯೇ ನೋಡಿ. ಇವುಗಳಲ್ಲಿ ಒಂದಿದ್ದರೂ ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಬೇಕು. ನೋವಿನ ಗುಳಿಗೆ ನುಂಗುತ್ತಿದ್ದರೆ ಅದು ಸುಳ್ಳೇ ಏರಬಹುದು, ಮೊದಲೇ ಹೇಳಿ.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕರುಳಿಗೆ ಒಗ್ಗದ ಕಾಯಿಲೆ ಸೀಲಿಯಾಕ್‌ಗೆ ಟಿಟಿಜಿ-ಐಜಿಎ, ಜೊತೆಗೆ ಒಟ್ಟು ಐಜಿಎ ರಕ್ತಪರೀಕ್ಷೆ ಮಾಡಿಸಿ. ನಮ್ಮ ಕಡೆ ಇಲ್ಲೊಂದು ತೊಡಕಿದೆ: ಮೂರು ಹೊತ್ತೂ ಜೋಳದ ರೊಟ್ಟಿಯೇ ಆದರೆ ಜೋಳದಲ್ಲಿ ಗ್ಲುಟೆನ್ ಇಲ್ಲ, ಕಾಯಿಲೆ ಇದ್ದರೂ ಪರೀಕ್ಷೆ ನೆಗೆಟಿವ್ ಬರಬಹುದು. ಆರೆಂಟು ವಾರ ದಿನಾ ಚಪಾತಿ ತಿಂದು ರಕ್ತ ಕೊಡಲಿ. ರಿಪೋರ್ಟ್‌ಗೆ ಮೊದಲೇ ಗೋಧಿ ಬಿಡಿಸಬೇಡಿ.

ಸರ್ಜನ್: ಎಂಟು ತಿಂಗಳು ಬಂದು ಹೋಗುವ ನೋವಿಗೆ, ಸ್ಕ್ಯಾನ್‌ನಲ್ಲಿ ಅಪೆಂಡಿಕ್ಸ್‌ಗೆ ಏನೂ ತೊಂದರೆ ಕಾಣದೆ, ಅದನ್ನು ತೆಗೆಯಲು ನಾನು ಒಪ್ಪುವುದಿಲ್ಲ. ನೋವಿನ ಜಾಗ ಒಂದೇ ಬೆರಳಲ್ಲಿ ತೋರಿಸುತ್ತಾಳಾ? ಅಂಗಾತ ಮಲಗಿಸಿ ಅಲ್ಲಿ ಒತ್ತಿಹಿಡಿದು, ತಲೆ-ಭುಜ ಎತ್ತಲು ಹೇಳಬೇಕು. ಆಗ ನೋವು ಹೆಚ್ಚಾದರೆ ಮೂಲ ಬಹುಪಾಲು ಕರುಳಲ್ಲ, ಹೊಟ್ಟೆಯ ಗೋಡೆ. ಅಲ್ಲಿ ನರ ಸಿಕ್ಕಿಕೊಂಡಿರಬಹುದು. ಆ ಬಿಂದುವಿಗೆ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟರೆ ನಿಮಿಷಗಳಲ್ಲಿ ಇಳಿಯುತ್ತದೆ. ಯಾವ ಸ್ಕ್ಯಾನಿಗೂ ಇದು ಕಾಣದು.

ಇನ್ನೊಂದು, ಸ್ಕ್ಯಾನ್ ನೋವು ಇರುವಾಗಲೇ ಆಗಬೇಕು. ಮೂತ್ರಪಿಂಡದ ಬಾಯಲ್ಲಿ ಅಡಚಣೆ ಇದ್ದರೆ ನೋವಿನ ಹೊತ್ತಲ್ಲಿ ಅದು ಊದಿರುತ್ತದೆ, ಮರುದಿನ ನಾರ್ಮಲ್ ಕಾಣಬಹುದು. ಮೇದೋಜೀರಕ ಗ್ರಂಥಿಯ ರಕ್ತಪರೀಕ್ಷೆ ಅಮೈಲೇಸ್, ಲೈಪೇಸ್ ಕೂಡ ಹಾಗೇ, ನೋವಿನ ದಿನವೇ.

ಪ್ರಶ್ನೆ ಕೇಳಿದವರು: ತೂಕ ಇಳಿದಿಲ್ಲರಿ. ಸೋಮವಾರ ಶಾಲಿಗೆ ಹೋಗೂಮುಂದ ಭಾಳ ಅಂತಾಳ. ನಾಟಕ ಮಾಡ್ತಾಳೇನು?

ಮಕ್ಕಳ ತಜ್ಞರು: ನಾಟಕ ಅಲ್ಲ. ಕರುಳಿನ ನರಗಳು ಸೂಕ್ಷ್ಮವಾದಾಗ ಸಾಮಾನ್ಯ ಗಾಳಿ, ಹಿಗ್ಗುವಿಕೆಯೂ ನೋವಾಗಿ ಕೇಳಿಸುತ್ತದೆ. ಆತಂಕ ಅದನ್ನು ಏರಿಸುತ್ತದೆ. ಇದಕ್ಕೆ ಫಂಕ್ಷನಲ್ ನೋವು ಅನ್ನುತ್ತೇವೆ. ತಿಂಗಳಿಗೆ ನಾಲ್ಕಾದರೂ ಸಲ, ಎರಡು ತಿಂಗಳು, ತಪಾಸಣೆಯಲ್ಲಿ ಬೇರೆ ಕಾರಣ ಸಿಗದಿದ್ದರೆ ಹೆಸರು ಅದೇ. ಸಿಟಿ ಸ್ಕ್ಯಾನ್ ಮೇಲೆ ಸಿಟಿ ಸ್ಕ್ಯಾನ್ ಬೇಡ. ಶಾಲೆ ಬಿಡಿಸಬೇಡಿ, ತಾಸಿಗೊಮ್ಮೆ “ನೋವದೇನು” ಅಂತ ಕೇಳಬೇಡಿ. ಆದರೆ ಒಂದನ್ನು ಪರಿಶೀಲಿಸಿ: ಶಾಲೆಯ ಶೌಚಾಲಯ ಗಲೀಜೆಂದು ಹುಡುಗಿಯರು ದಿನವಿಡೀ ತಡೆದುಕೊಳ್ಳುತ್ತಾರೆ, ನೀರೂ ಕುಡಿಯುವುದಿಲ್ಲ. ಮಲ ಗಟ್ಟಿಯಾಗಿ ತುಂಬಿದರೂ ಇದೇ ಹೊಕ್ಕಳ ನೋವು. ನಾಲ್ಕು ವಾರ ನೋವಿನ ಹೊತ್ತು, ಊಟ, ಮಲ, ಮುಟ್ಟಿನ ದಿನ ಬರೆದಿಡಿ. ಮುಟ್ಟು ಶುರುವಾಗದೆ ತಿಂಗಳಿಗೊಮ್ಮೆ ತಪ್ಪದೆ ನೋವು ಬರುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ಕೂಡಲೇ ತೋರಿಸಿ.

ಬಟ್ಟಿ ಎಂದು ತಿಕ್ಕಿಸುವುದು, ಬರೆ ಹಾಕಿಸುವುದು ಬೇಡವೇ ಬೇಡ. ಹೈದರಾಬಾದ್ ಆಮೇಲೆ, ಡೈರಿ, ಬೆಳವಣಿಗೆಯ ಲೆಕ್ಕ, ಹಳೆಯ ಫಿಲಂ ಎಲ್ಲಾ ಹಿಡಿದು ಮೊದಲು ಇಲ್ಲಿಯೇ ಒಬ್ಬ ಮಕ್ಕಳ ತಜ್ಞರಿಗೆ ತೋರಿಸಿ. ಹಸಿರು ವಾಂತಿ, ಕಲ್ಲಾದ ಹೊಟ್ಟೆ, ಕಪ್ಪು ಮಲ ಕಂಡರೆ ಮಾತ್ರ ಒಪಿಡಿ ಕಾಯದೆ ಆ ರಾತ್ರಿಯೇ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ತುರ್ತು ವಿಭಾಗಕ್ಕೆ ಹೋಗಿ.