ಶುಂಠಿ ಬೆಳೆದ ಗದ್ದೆಯಲ್ಲಿ ಕ್ಲೋರ್‌ಪೈರಿಫಾಸ್ ಕೀಟನಾಶಕ ಎಷ್ಟು ದಿನ ಉಳಿಯುತ್ತೆ?

ಜಂಬಿಟ್ಟಿಗೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಹುಳಿ ಮಣ್ಣು. ಗದ್ದೆ ಶುಂಠಿಗೆ ಗುತ್ತಿಗೆ ಕೊಟ್ಟಿದ್ದೆವು. ಗೊಣ್ಣೆ ಹುಳಕ್ಕೆ ಅಂತ ಅವರು ಬುಡಕ್ಕೆಲ್ಲ ಕ್ಲೋರ್‌ಪೈರಿಫಾಸ್ ಹೊಯ್ದಿದ್ದಾರೆ, ಇಮಿಡಾಕ್ಲೋಪ್ರಿಡ್ ಅನ್ನೋ ಇನ್ನೊಂದು ಕೀಟನಾಶಕವನ್ನೂ ಬಳಸಿದ್ದಾರೆ. ಈಗ ಮನೆಗಾಗುವಷ್ಟು ಮೂಲಂಗಿ, ಕ್ಯಾರೆಟ್, ಸೊಪ್ಪು ಹಾಕಬೇಕು, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ನವಲಗುಂದದ ನೆಂಟರು ಎರಡು ತಿಂಗಳಲ್ಲಿ ಎಲ್ಲ ಹೋಗುತ್ತೆ ಅಂತಾರೆ. ನಮ್ಮ ಮಣ್ಣಿಗೂ ಅದೇ ಲೆಕ್ಕನಾ?

ಮಣ್ಣುಪ್ರೇಮಿ: ಅಲ್ಲ ಸರ್. ಕ್ಲೋರ್‌ಪೈರಿಫಾಸ್ ಕ್ಷಾರ ಮಣ್ಣಲ್ಲಿ ಬೇಗ ಒಡೆಯುತ್ತೆ, ಹುಳಿ ಮಣ್ಣಲ್ಲಿ ನಿಧಾನ. ನವಲಗುಂದದ ಎರೆಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ) ಸಾಮಾನ್ಯವಾಗಿ 8ರ ಆಸುಪಾಸು, ನಿಮ್ಮದು 5–6 ಇರಬಹುದು. ಇದರ ಅರ್ಧಾಯುಷ್ಯ ಸಾಮಾನ್ಯವಾಗಿ 60ರಿಂದ 120 ದಿನ, ಕೆಲವು ಮಣ್ಣಲ್ಲಿ ವರ್ಷ ದಾಟಿದ್ದೂ ಇದೆ. ಅರ್ಧಾಯುಷ್ಯ ಅಂದರೆ ಪೂರ್ತಿ ಹೋಗುವ ದಿನ ಅಲ್ಲ, ಅರ್ಧ ಉಳಿಯುವ ದಿನ. 120 ಅಂತ ಹಿಡಿದರೆ ಎಂಟು ತಿಂಗಳ ಮೇಲೂ ಕಾಲು ಭಾಗ ಮಣ್ಣಲ್ಲೇ ಇರುತ್ತೆ. ವಾಸನೆ ಹೋಯ್ತು ಅಂತ ನಂಬಬೇಡಿ.

ಎರೆಹೊಲ: ನಮ್ಮ ಎರೆಮಣ್ಣಿನ ಕಡೆಯೂ ಎರಡು ತಿಂಗಳು ಅಂತ ಗ್ಯಾರಂಟಿ ಇಲ್ಲರೀ. ಔಷಧಿ ತಿಂದು ಒಡೆಯುವುದು ಮುಖ್ಯವಾಗಿ ಮಣ್ಣಿನ ಸೂಕ್ಷ್ಮಜೀವಿಗಳು, ಬೇಸಿಗೆಯಲ್ಲಿ ಹೊಲ ಬಿರುಕು ಬಿಟ್ಟು ಒಣಗಿದಾಗ ಅವುಗಳ ಕೆಲಸವೂ ನಿಂತುಹೋಗುತ್ತೆ. ಮೇಲಾಗಿ ಎರೆಯ ಜಿಗುಟು ಕಣಗಳು ಔಷಧಿಯನ್ನ ಹಿಡಿದಿಟ್ಟುಕೊಳ್ಳುತ್ತವೆ. ಕಾಯಿಪಲ್ಲೆ ಹೊಲದಲ್ಲಿ ಇದನ್ನ ಹಗುರವಾಗಿ ತಗೋಬೇಡಿ.

ಮಣ್ಣುಪ್ರೇಮಿ: ನಿಜ. ಇನ್ನೊಂದು ವಿಷಯ, ಒಡೆದ ಮೇಲೆ ಏನಾಗುತ್ತೆ ಅಂತಲೂ ನೋಡಬೇಕು. ಉದಾಹರಣೆಗೆ, ಎಂಡೋಸಲ್ಫಾನ್ ಅನ್ನೋ ಬೇರೊಂದು ಕೀಟನಾಶಕ ಒಡೆದು ಆಗುವ ಎಂಡೋಸಲ್ಫಾನ್ ಸಲ್ಫೇಟ್ ಮೂಲ ಔಷಧಿಗಿಂತ ಜಾಸ್ತಿ ಕಾಲ ಉಳಿಯುತ್ತೆ. ಕ್ಲೋರ್‌ಪೈರಿಫಾಸ್ ಮಣ್ಣಿಗೆ ಅಂಟಿ ಕೂರುತ್ತೆ, ಆದರೆ ಅದು ಒಡೆದು ಹುಟ್ಟುವ ಟಿಸಿಪಿ ಅನ್ನೋ ರಾಸಾಯನಿಕ ನೀರಿನ ಜೊತೆ ಸುಲಭವಾಗಿ ಇಳಿಯುತ್ತೆ.

ತೋಟದವಳು: ಅಣ್ಣ, ಈ ಮಳೆಗಾಲಕ್ಕೆ ಗೆಡ್ಡೆ ತರಕಾರಿ, ಸೊಪ್ಪು ಎರಡೂ ಬೇಡ. ಮೂಲಂಗಿ, ಕ್ಯಾರೆಟ್ ಬೆಳೆಯುವುದೇ ಆ ಮಣ್ಣೊಳಗೆ, ಸೊಪ್ಪಿಗೆ ಮಳೆಹನಿ ಬಿದ್ದು ಮಣ್ಣು ಸಿಡಿಯುತ್ತೆ. ಹಸಿರೆಲೆ ಗೊಬ್ಬರಕ್ಕೆ ಸೆಣಬಿನ ಬೀಜ ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಕೊಟ್ಟಿಗೆ ಗೊಬ್ಬರ ಕೊಡಿ. ಸೂಕ್ಷ್ಮಜೀವಿಗಳಿಗೆ ಆಹಾರ ಸಿಕ್ಕರೆ ಅವು ಕೆಲಸ ಮಾಡುತ್ತವೆ. ಹುಳಿ ಕಡಿಮೆ ಮಾಡೋಕೆ ಸುಣ್ಣ ಹಾಕುವುದಾದರೆ ಮಣ್ಣು ಪರೀಕ್ಷೆ ಹೇಳಿದಷ್ಟೇ ಹಾಕಿ, ಔಷಧಿ ಓಡಿಸೋಕೆ ಅಂತ ಸುರಿಯಬೇಡಿ.

ಜಂಬಿಟ್ಟಿಗೆ: ಸರಿ, ಸೆಣಬೇ ಹಾಕ್ತೀನಿ. ಮಣ್ಣು ಪರೀಕ್ಷೆಯಲ್ಲಿ ಔಷಧಿ ಎಷ್ಟಿದೆ ಅಂತ ಗೊತ್ತಾಗಲ್ವಾ? ಗದ್ದೆ ಕೆಳಗೇ ಬಾವಿ ಇದೆ.

ಮಣ್ಣುಪ್ರೇಮಿ: ಮಾಮೂಲಿ ಪರೀಕ್ಷೆಯಲ್ಲಿ ಪಿಎಚ್, ಪೋಷಕಾಂಶ ಅಷ್ಟೇ. ಕೀಟನಾಶಕದ ಉಳಿಕೆ ನೋಡುವ ಪ್ರಯೋಗಾಲಯವೇ ಬೇರೆ, ಖರ್ಚೂ ಜಾಸ್ತಿ. ಆದರೂ ಬಾವಿ ಇದೆ ಅಂದಮೇಲೆ ಮೊದಲು ಬಾವಿ ನೀರನ್ನ ಪರೀಕ್ಷೆಗೆ ಕೊಡಿ. ಇಮಿಡಾಕ್ಲೋಪ್ರಿಡ್ ನೀರಲ್ಲಿ ಚೆನ್ನಾಗಿ ಕರಗುತ್ತೆ, ನಿಮ್ಮ ಮಳೆಗೆ ಇಳಿದಿರೋ ಸಾಧ್ಯತೆ ಇದೆ. ಎರಡೂ ಔಷಧಿಯ ಹೆಸರು ಬರೆದುಕೊಟ್ಟು ಹುಡುಕೋಕೆ ಹೇಳಿ.