ಸಹಾಯ ಬೇಕು: ಒಂದೇ ಗುಂಪಿನಲ್ಲಿ ಎರಡು ಗಾತ್ರದ ವರ್ಲಿಗಿಗ್ ಜೀರುಂಡೆಗಳು

ಎಲ್ಲರಿಗೂ ನಮಸ್ಕಾರ. ಸಾಗರ ಪಟ್ಟಣದ ಹತ್ತಿರ ನಮ್ಮ ತೋಟದ ಕೆಳಗಿನ ಕೆರೆಯಲ್ಲಿ ವರ್ಲಿಗಿಗ್ ಜೀರುಂಡೆಗಳ ದೊಡ್ಡ ಗುಂಪಿದೆ. ದಡದ ಮರದ ನೆರಳಲ್ಲಿ ಒಟ್ಟಾಗಿ ತೇಲುತ್ತಿರುತ್ತವೆ. ನಾವು ಸ್ವಲ್ಪ ಅಲುಗಾಡಿದರೂ ಸಾಕು, ಗಿರಗಿರ ಸುತ್ತಲು ಶುರು. ಕೆಲವು ಹಿಂಬದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಗಾಳಿಗುಳ್ಳೆ ಹಿಡಿದುಕೊಂಡು ಮುಳುಗಿಬಿಡುತ್ತವೆ. ನೀರಿನ ಮೇಲೆ ನೋಡಲು ಒಂದು ಜೊತೆ ಕಣ್ಣು, ನೀರೊಳಗೆ ನೋಡಲು ಇನ್ನೊಂದು ಜೊತೆ. ಹತ್ತಿರ ಹೋಗುವುದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ.

ನನ್ನ ಗೊಂದಲ ಇದು. ಒಂದೇ ಗುಂಪಿನಲ್ಲಿ ಎರಡು ಗಾತ್ರದವು ಕಾಣುತ್ತವೆ. ದೊಡ್ಡವು ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್, ಚಿಕ್ಕವು ಅದರ ಅರ್ಧ. ಪೂರ್ತಿ ಜೀರುಂಡೆ ಆದ ಮೇಲೆ ಅವು ಬೆಳೆಯುವುದಿಲ್ಲ, ಹಾಗಾಗಿ ಚಿಕ್ಕವು ಮರಿಗಳಂತೂ ಅಲ್ಲ. ದೊಡ್ಡವು ಡೈನ್ಯೂಟಸ್ ಕುಲದವು ಅಂತ ನನ್ನ ಅಂದಾಜು. ಚಿಕ್ಕವು ಗೈರಿನಸ್ಸೋ ಓರೆಕ್ಟೋಕೈಲಸ್ಸೋ (ಇವೂ ವರ್ಲಿಗಿಗ್ ಜೀರುಂಡೆಗಳ ಕುಲಗಳೇ) ತಿಳಿಯುತ್ತಿಲ್ಲ. ಓರೆಕ್ಟೋಕೈಲಸ್ ಆದರೆ ಬೆನ್ನಿನ ಅಂಚಿನಲ್ಲಿ ಸಣ್ಣ ಕೂದಲು ಇರಬೇಕು, ಅಲ್ವಾ? ಅದನ್ನೇ ನೋಡಲು ಆಗುತ್ತಿಲ್ಲ.

ಮೊಬೈಲ್‌ಗೆ ಮ್ಯಾಕ್ರೋ ಲೆನ್ಸ್ ಹಾಕಿ ನೋಡಿದೆ, ಫೋಟೋ ಮಸುಕು. ಫ್ಲ್ಯಾಶ್ ಹಾಕಿದರೆ ಬೆನ್ನು ಫಳಫಳ ಹೊಳೆದು ಏನೂ ಕಾಣುವುದಿಲ್ಲ. ಸ್ಲೋ ಮೋಷನ್ ವಿಡಿಯೋದಲ್ಲಿ ನೀರಿನ ಅಲೆ ಚೆನ್ನಾಗಿ ಬಂತು, ಜೀರುಂಡೆ ಬರಲಿಲ್ಲ. ಸುಮ್ನೆ ಹಿಡಿದು ಸಾಯಿಸಲು ನನಗೆ ಮನಸ್ಸಿಲ್ಲ.

ಕೀಟಗಳ ಫೋಟೋ ತೆಗೆಯುವವರು ದಯವಿಟ್ಟು ಹೇಳಿ: ಬಲೆಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಗಾಜಿನ ಡಬ್ಬಿಯಲ್ಲಿಟ್ಟು, ನೋವಾಗದಂತೆ ವಾಪಸ್ ಬಿಡಬಹುದಾ? ಆಗ ಬೆನ್ನಿನ ಅಂಚು ಸ್ಪಷ್ಟವಾಗಿ ಬರಲು ಬೆಳಕನ್ನು ಯಾವ ಕಡೆಯಿಂದ ಕೊಡಬೇಕು?