ಸಹಾಯ ಬೇಕು: ಎರಡೇ ಪೀಕ್ ಇದ್ದರೆ ಕೋಟಿಂಗ್ ದಪ್ಪ ನಂಬಬಹುದಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂಎಸ್ಸಿ ಫಿಸಿಕ್ಸ್ ಮಾಡುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಗಾಜಿನ ಸ್ಲೈಡ್ ಮೇಲೆ ಟೈಟಾನಿಯಂ ಡೈಆಕ್ಸೈಡ್ ಪದರವನ್ನು ಸ್ಪಿನ್ ಕೋಟಿಂಗ್ (ದ್ರಾವಣ ಹಾಕಿ, ಸ್ಲೈಡನ್ನು ವೇಗವಾಗಿ ತಿರುಗಿಸಿ ಹರಡುವುದು) ಮಾಡಿದ್ದೇನೆ. ನೋಡೋಕೆ ಚೆನ್ನಾಗೇ ಇದೆ: ನಡುವೆ ಹಸಿರು ಹೊಳಪು, ಅಂಚಿನಲ್ಲಿ ಗುಲಾಬಿ. ತೊಂದರೆ ಇರೋದು ದಪ್ಪದ ಲೆಕ್ಕದಲ್ಲಿ.

ಯಾವ ತರಂಗಾಂತರದ ಬೆಳಕು ಎಷ್ಟು ದಾಟುತ್ತದೆ ಅಂತ ತೋರಿಸುವ ಯುವಿ-ವಿಸಿಬಲ್ ಗ್ರಾಫಿನಲ್ಲಿ ಬೆಳಕು ಜಾಸ್ತಿ ದಾಟುವ ಎರಡು ಪೀಕ್ ಅಕ್ಕಪಕ್ಕ ಇವೆ, 460 ಮತ್ತು 690 ನ್ಯಾನೋಮೀಟರ್‌ನಲ್ಲಿ. ವಕ್ರೀಭವನ ಸೂಚ್ಯಂಕ (ಪದರದೊಳಗೆ ಬೆಳಕು ಎಷ್ಟು ಪಟ್ಟು ನಿಧಾನ ಅನ್ನುವ ಸಂಖ್ಯೆ; ತರಂಗಾಂತರದ ಜೊತೆ ಬದಲಾಗುತ್ತದೆ) ಎರಡೂ ಕಡೆ 2.3 ಅಂತ ಇಟ್ಟರೆ ದಪ್ಪ 300 ನ್ಯಾನೋಮೀಟರ್. 460ರಲ್ಲಿ ಮಾತ್ರ 2.5 ಅಂದರೆ ಸೀದಾ 238ಕ್ಕೆ ಇಳಿಯುತ್ತದೆ! ಆಗ ಪೀಕ್‌ಗಳ ಕ್ರಮಸಂಖ್ಯೆ (2 × ಸೂಚ್ಯಂಕ × ದಪ್ಪ ÷ ತರಂಗಾಂತರ) 1.6, 2.6 ಅಂತ ಬರುತ್ತದೆ. ಪೂರ್ಣಾಂಕ ಬರಬೇಕಲ್ವಾ? ಇಂಥ ಗ್ರಾಫಿನಿಂದಲೇ ದಪ್ಪ ಕಂಡುಹಿಡಿಯುವ ಸ್ವಾನೆಪೂಲ್ ಅವರ 1983ರ ವಿಧಾನದಲ್ಲಿ ಅದನ್ನು ಪೂರ್ಣಾಂಕಕ್ಕೆ ಸರಿಮಾಡಿ ಮತ್ತೆ ಲೆಕ್ಕ ಹಾಕುತ್ತಾರೆ. ಎರಡೇ ಪೀಕ್ ಇಟ್ಟುಕೊಂಡು ಹಾಗೆ ಮಾಡಬಹುದಾ? ಇಂಥ ಪದರದಲ್ಲಿ ಸಣ್ಣ ರಂಧ್ರಗಳೂ ಇರುತ್ತವೆ, ಅದರಿಂದ ಸೂಚ್ಯಂಕ ಇಳಿಯುತ್ತದೆ; ಹಾಗಾಗಿ ಪುಸ್ತಕದ ಸೂಚ್ಯಂಕ ಸುಮ್ನೆ ಹಾಕೋಕೆ ಧೈರ್ಯ ಇಲ್ಲ.

ಮೈಸೂರು, ಮಂಡ್ಯ ಕಡೆ ಎಲಿಪ್ಸೋಮೀಟರ್ ಅಥವಾ ಪ್ರೊಫೈಲೋಮೀಟರ್ (ಪದರದ ದಪ್ಪ ಅಳೆಯುವ ಉಪಕರಣಗಳು) ಹೊರಗಿನವರಿಗೆ ಎಲ್ಲಾದರೂ ಸಿಗುತ್ತಾ? ಬೆಂಗಳೂರಾದರೂ ಪರವಾಗಿಲ್ಲ, ಬೆಳಗಿನ ಟ್ರೈನ್ ಹಿಡಿದು ಬರುತ್ತೇನೆ. ಗೊತ್ತಿರುವವರು ದಯವಿಟ್ಟು ತಿಳಿಸಿ, ಗ್ರಾಫ್ ಬೇಕಿದ್ದರೆ ಕಳಿಸುತ್ತೇನೆ.